ನೌಕಾನಕ್ಷೆಯ ಓದು: ಕರಾವಳಿಯ ವಿಹಾರದೋಣಿಗೂ ಹರಿಹರದ ಹರಿಗೋಲಿಗೂ ಸಂಬಂಧಿಸಿದ ಒಂದು ವಿವೇಚನೆ

ಸಮುದ್ರದಿಂದ ಬಹುದೂರದಲ್ಲಿರುವ ದಾವಣಗೆರೆ ಹರಿಹರಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನೌಕಾನಕ್ಷೆಯ ವಿಷಯವು ಅಪ್ರಸ್ತುತವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ನಮ್ಮ ಕಾಲೇಜುಗಳಿಂದ ವರ್ಷಂಪ್ರತಿ ಹೊರಡುವ ಪ್ರವಾಸಗಳಲ್ಲಿ ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪಗಳೋ, ಮುರುಡೇಶ್ವರದ ಕಡಲೋ, ಕಾರವಾರದ ಕೊಲ್ಲಿಯೋ ಸೇರದಿರುವುದು ಅಪೂರ್ವ. ಒಳನಾಡಿನವರಾದ ನಾವು ದೋಣಿಯನ್ನು ಬಸ್ಸಿನಂತೆಯೇ ಭಾವಿಸಿ ಹತ್ತಿಬಿಡುತ್ತೇವೆ. 2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ಜಾತ್ರೆಯನ್ನು ಮುಗಿಸಿ ಹಿಂದಿರುಗುತ್ತಿದ್ದ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿ 16 ಮಂದಿ ಅಸುನೀಗಿದರು. ಮೃತರಲ್ಲಿ ಮಕ್ಕಳೂ ಇದ್ದರು. ಹಲವರು ಹಾವೇರಿ ಜಿಲ್ಲೆಯಿಂದ ಹೋದವರು. ಹರಿಹರದ ಸೇತುವೆಯನ್ನು ದಾಟಿದರೆ ಹಾವೇರಿ ಜಿಲ್ಲೆಯೇ ಆರಂಭವಾಗುವುದರಿಂದ ಅವರು ನಮ್ಮ ನೆರೆಯವರೇ ಸರಿ. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂಬುದು ಅಂದಿನ ವರದಿಗಳ ಸಾರ. ನಕ್ಷೆಯೊಂದಿದ್ದರೆ ಆ ದೋಣಿ ಉಳಿಯುತ್ತಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಅಲೆಯು ಎಲ್ಲಿ, ಯಾವ ಹೊತ್ತಿನಲ್ಲಿ, ಏಕೆ ಕಡಿದಾಗಿ ಏಳುತ್ತದೆಂಬ ವಿಷಯದಲ್ಲಿ ನೌಕಾನಕ್ಷೆಯು ಹೇಳತಕ್ಕ ಮಾತು ಬಹಳವಿದೆ. ಅದನ್ನು ಓದುವ ಕ್ರಮವನ್ನು ಇತಿಹಾಸದ ಅಭ್ಯಾಸಿಗಳಾದ ನಮ್ಮ ದೃಷ್ಟಿಯಿಂದ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಶಾಲೆಯಲ್ಲಿ ನಾವೆಲ್ಲರೂ ಕಂಡಿರುವ ಭೂಪಟದಲ್ಲಿ ನೆಲವು ವಿವರಗಳಿಂದ ತುಂಬಿರುತ್ತದೆ, ಸಮುದ್ರವು ಬರಿಯ ನೀಲಿಯಾಗಿ ಬಿಟ್ಟಿರುತ್ತದೆ. ನಾವಿಕರು ಚಾರ್ಟು ಎಂದು ಕರೆಯುವ ನೌಕಾನಕ್ಷೆಯಲ್ಲಿ ಇದು ತಿರುಗುಮುರುಗು. ಅಲ್ಲಿ ನೆಲವು ಬಹುಮಟ್ಟಿಗೆ ಖಾಲಿ. ದೋಣಿಯಿಂದ ಕಣ್ಣಿಗೆ ಬೀಳುವ ದೀಪಸ್ತಂಭ, ದೇವಾಲಯದ ಶಿಖರ, ಎತ್ತರವಾದ ಚಿಮಣಿ, ಬೆಟ್ಟದ ತುದಿ ಇಷ್ಟಕ್ಕೆ ಮಾತ್ರ ಸ್ಥಾನವುಂಟು. ನೀರಿನ ಭಾಗದಲ್ಲಾದರೋ ಅಂಕೆಗಳ ಸಂತೆಯೇ ನೆರೆದಿರುತ್ತದೆ. ಪ್ರತಿಯೊಂದು ಅಂಕೆಯೂ ಯಾರೋ ಒಂದು ದಿನ ಆ ಸ್ಥಳದಲ್ಲಿ ನಿಂತು ಅಳೆದ ಆಳ. ಅಂದರೆ ನೌಕಾನಕ್ಷೆಯು ಚಿತ್ರಕ್ಕಿಂತ ಹೆಚ್ಚಾಗಿ ಸಾಕ್ಷ್ಯಗಳ ಸಂಗ್ರಹ. ಈ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು.

ನಕ್ಷೆಗೆ ಮುಂಚೆ ಮಾತು ಇದ್ದಿತು. ಕ್ರಿಸ್ತಶಕ ಮೊದಲನೆಯ ಶತಮಾನದ ಗ್ರೀಕ್ ಗ್ರಂಥವಾದ ಪೆರಿಪ್ಲಸ್‌ನಲ್ಲಿ ನಮ್ಮ ಪಶ್ಚಿಮ ತೀರದ ಬಂದರುಗಳ ವರ್ಣನೆಯುಂಟು, ನಕ್ಷೆಯಿಲ್ಲ. ನೀರಿನಲ್ಲಿ ಹಾವುಗಳು ಕಾಣಿಸಿಕೊಂಡರೆ ಕರೆ ಸಮೀಪಿಸಿತೆಂದು ಅರಿಯಬೇಕೆಂಬಂತಹ ಸೂಚನೆಗಳನ್ನು ಅದು ಕೊಡುತ್ತದೆ. ಬರೂಕಚ್ಛದ ಬಂದರಿಗೆ ಬರುವ ಹಡಗುಗಳನ್ನು ಎದುರುಗೊಂಡು ಮರಳುದಿಣ್ಣೆಗಳ ನಡುವೆ ದಾರಿ ತೋರಲು ಅಲ್ಲಿಯ ಅರಸನ ಸೇವೆಯಲ್ಲಿದ್ದ ಸ್ಥಳೀಯ ಮೀನುಗಾರರು ಮುಂದಾಗಿ ಬರುತ್ತಿದ್ದರೆಂದೂ ಅದರಲ್ಲಿ ಹೇಳಿದೆ. ಸ್ಥಳವನ್ನು ಬಲ್ಲವನ ಬಾಯಿಮಾತಿಗೆ ಅಂದು ಇದ್ದ ಬೆಲೆ ಇಂದಿಗೂ ಹೋಗಿಲ್ಲವೆಂಬುದನ್ನು ಮುಂದೆ ಕಾಣುವೆವು. 1569ರಲ್ಲಿ ಮರ್ಕೇಟರನು ಪ್ರಕಟಿಸಿದ ಪ್ರಪಂಚಪಟದಲ್ಲಿ ಒಂದೇ ದಿಕ್ಕನ್ನು ಹಿಡಿದು ಸಾಗುವ ನೌಕೆಯ ಹಾದಿಯು ಸರಳರೇಖೆಯಾಗಿ ಬೀಳುವ ಏರ್ಪಾಡಾಯಿತು. ನೌಕಾನಕ್ಷೆಗಳು ಬಹುತೇಕ ಇಂದಿಗೂ ಅದೇ ಕ್ರಮವನ್ನು ಅನುಸರಿಸುತ್ತವೆ. ಈಸ್ಟ್ ಇಂಡಿಯಾ ಕಂಪನಿಯು 1779ರಲ್ಲಿ ಅಲೆಕ್ಸಾಂಡರ್ ಡಾಲ್ರಿಂಪಲನನ್ನು ತನ್ನ ನಕ್ಷೆಗಳ ಅಧಿಕಾರಿಯಾಗಿ ನೇಮಿಸಿತು. ಬ್ರಿಟಿಷ್ ನೌಕಾಡಳಿತವು ಅವನನ್ನೇ 1795ರಲ್ಲಿ ತನ್ನ ಪ್ರಥಮ ಜಲಮಾಪನಾಧಿಕಾರಿಯನ್ನಾಗಿ ಮಾಡಿಕೊಂಡಿತು. ಭಾರತದ ಸಮುದ್ರಮೋಜಣಿಯ ಇಲಾಖೆಯು 1874ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾಗಿ, 1954ರಲ್ಲಿ ಅದರ ಕಚೇರಿ ಡೆಹರಾಡೂನಿಗೆ ಸ್ಥಳಾಂತರಗೊಂಡಿತು. ನಮ್ಮ ಕರಾವಳಿಯ ಅಧಿಕೃತ ನಕ್ಷೆಗಳು ಇಂದು ಸಿದ್ಧವಾಗುವುದು ಹಿಮಾಲಯದ ತಪ್ಪಲಿನ ಆ ಪಟ್ಟಣದಲ್ಲಿಯೇ. ಕಡಲನ್ನು ಕಾಣದ ಊರೆಂಬ ನಮ್ಮ ಸಂಕೋಚಕ್ಕೆ ಇದೊಂದು ಸಮಾಧಾನ.

ಈಗ ಅಂಕೆಗಳ ವಿಷಯಕ್ಕೆ ಬರೋಣ. ಅನನುಭವಿಗಳು ಎಡವುವುದು ಇಲ್ಲಿಯೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ನಕ್ಷೆಯಲ್ಲಿ 5 ಎಂದು ಬರೆದಿದ್ದರೆ ಅಲ್ಲಿ ಈಗ ಐದು ಮೀಟರ್ ನೀರಿದೆಯೆಂದು ಅರ್ಥವಲ್ಲ. ಸಮುದ್ರದ ಮಟ್ಟವು ಉಬ್ಬರವಿಳಿತಗಳಿಂದ ಸದಾ ಬದಲಾಗುತ್ತಿರುವುದರಿಂದ, ಇಳಿತದಲ್ಲಿ ನೀರು ಸಾಮಾನ್ಯವಾಗಿ ಇದಕ್ಕಿಂತ ಕೆಳಗೆ ಹೋಗದೆಂಬ ಒಂದು ಮಟ್ಟವನ್ನು ಶೂನ್ಯವೆಂದು ಗೊತ್ತುಮಾಡಿ, ಅಲ್ಲಿಂದ ಕೆಳಕ್ಕೆ ಆಳಗಳನ್ನು ಕೊಡುವುದು ಪದ್ಧತಿ. ಇದನ್ನು ನಕ್ಷೆಯ ಆಧಾರಮಟ್ಟ ಎನ್ನಬಹುದು. ಆ ಕ್ಷಣದಲ್ಲಿ ನಿಜವಾಗಿ ಇರುವ ನೀರನ್ನು ತಿಳಿಯಬೇಕಾದರೆ ನಕ್ಷೆಯ ಆಳಕ್ಕೆ ಆ ಹೊತ್ತಿನ ಉಬ್ಬರದ ಎತ್ತರವನ್ನು ಕೂಡಿಸಬೇಕು. ಅದು ಪ್ರತಿವರ್ಷ ಪ್ರಕಟವಾಗುವ ಉಬ್ಬರವಿಳಿತದ ಕೋಷ್ಟಕಗಳಲ್ಲಿ ಸಿಗುತ್ತದೆ. ಕೆಲವು ಅಂಕೆಗಳ ಕೆಳಗೆ ಗೆರೆ ಎಳೆದಿರುವುದುಂಟು. ಅವು ಆಳಗಳೇ ಅಲ್ಲ. ಇಳಿತದಲ್ಲಿ ನೀರಿನಿಂದ ಮೇಲಕ್ಕೆ ಎದ್ದು ಒಣಗುವ ದಿಣ್ಣೆಯೋ ಬಂಡೆಯೋ ಶೂನ್ಯಮಟ್ಟದಿಂದ ಎಷ್ಟು ಎತ್ತರವಿದೆಯೆಂಬುದರ ಸೂಚನೆ. ಒಂದು ಸಣ್ಣ ಗೆರೆಯನ್ನು ಗಮನಿಸದೆ ಹೋದರೆ ಅರ್ಥವೇ ತಲೆಕೆಳಗಾಗುವುದು. ಶಾಸನದ ಓದಿನಲ್ಲಿ ಒಂದು ದೀರ್ಘವನ್ನು ಬಿಟ್ಟು ಅರಸನ ಹೆಸರನ್ನೇ ಬದಲಿಸಿದವರನ್ನು ನಾವು ಬಲ್ಲೆವು. ಅಲ್ಲಿ ಪ್ರಾಣಹಾನಿಯಿಲ್ಲ ಎಂಬುದಷ್ಟೇ ಭೇದ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ನದೀಮುಖದ ಮರಳುದಿಣ್ಣೆಯ ಮೇಲೆ ನಕ್ಷೆಯ ಆಳ 0.8 ಮೀಟರ್ ಎಂದಿರಲಿ. ಜನರು ಕುಳಿತ ಮೇಲೆ ದೋಣಿಯ ತಳವು ನೀರಿನೊಳಗೆ 0.9 ಮೀಟರ್ ಇಳಿಯುವುದೆನ್ನೋಣ. ಕೋಷ್ಟಕದ ಪ್ರಕಾರ ಬೆಳಗ್ಗೆ ಉಬ್ಬರದ ಎತ್ತರ 1.7 ಮೀಟರ್ ಆದರೆ ದಿಣ್ಣೆಯ ಮೇಲೆ 2.5 ಮೀಟರ್ ನೀರಿರುತ್ತದೆ. ದೋಣಿ ನಿರಾತಂಕವಾಗಿ ಹೋಗುತ್ತದೆ. ಸುಮಾರು ಆರು ಗಂಟೆಗಳ ಅನಂತರ ಇಳಿತದಲ್ಲಿ ಎತ್ತರ 0.3 ಮೀಟರಿಗೆ ಬಂದರೆ ಅಲ್ಲಿ ಉಳಿಯುವುದು 1.1 ಮೀಟರ್ ಮಾತ್ರ. ತಳದ ಕೆಳಗೆ 0.2 ಮೀಟರ್ ಇದೆಯೆಂದು ಧೈರ್ಯಗೊಳ್ಳುವಂತಿಲ್ಲ. ಅರ್ಧ ಮೀಟರಿನ ಅಲೆಯೊಂದು ಬಂದರೆ ಅದರ ತಗ್ಗಿನಲ್ಲಿ ನೀರು ಕಾಲು ಮೀಟರಿನಷ್ಟು ಕುಸಿದು ದೋಣಿಯ ತಳ ಮರಳಿಗೆ ತಾಗುವುದು. ಬೆಳಗ್ಗೆ ಹೋದ ದಾರಿಯೇ ಸಂಜೆ ದಾರಿಯಾಗಿ ಉಳಿಯಲಿಲ್ಲ. ಹತ್ತು ಜನರನ್ನು ಹೆಚ್ಚಾಗಿ ಹತ್ತಿಸಿದರಂತೂ ತಳವು ಇನ್ನಷ್ಟು ಆಳಕ್ಕಿಳಿದು, ನೀರಿನಿಂದ ಮೇಲಿರುವ ಅಂಚು ಅಷ್ಟೇ ತಗ್ಗುವುದು. ಲೆಕ್ಕವು ಎರಡು ಕಡೆಯಿಂದಲೂ ಕೆಡುವುದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರಗಳಿದ್ದರೂ ಅವೆರಡೂ ಸಮವಲ್ಲವೆಂಬುದು ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶ. ಮುಂಜಾನೆಯ ಉಬ್ಬರವನ್ನು ಕಂಡು ಸಂಜೆಯದೂ ಅಷ್ಟೇ ಇರುವುದೆಂದು ಊಹಿಸಲಾಗದು.

ಆಳವು ತಗ್ಗಿದಲ್ಲಿ ಅಲೆಯ ಸ್ವರೂಪವೇ ಬೇರೆ. ಆಳವಾದ ನೀರಿನಲ್ಲಿ ಉದ್ದವಾಗಿ ಮೆಲ್ಲಗೆ ಏರಿಳಿಯುವ ಅಲೆಯು ತಗ್ಗು ನೀರಿಗೆ ಬಂದಾಗ ತಳದ ತಡೆಯಿಂದ ನಿಧಾನವಾಗಿ, ಹಿಂದಿನದು ಮುಂದಿನದನ್ನು ಒತ್ತಿ, ಕಡಿದಾಗಿ ಎದ್ದು ಒಡೆಯುತ್ತದೆ. ಅಲೆಯ ಎತ್ತರವು ನೀರಿನ ಆಳದ ಮುಕ್ಕಾಲು ಪಾಲಿಗೆ ಬಂದಿತೆಂದರೆ ಒಡೆಯುವ ಸಮಯ ಸಮೀಪಿಸಿತೆಂದು ತಿಳಿಯಬೇಕು. ನದೀಮುಖಗಳಲ್ಲಿ ಇಳಿತದ ಸೆಳವು ಹೊರಗೆ ಹರಿಯುತ್ತಿರುವಾಗ ಕಡಲಿನ ಅಲೆಯು ಅದಕ್ಕೆ ಎದುರಾಗಿ ಬಂದರೆ ಅಪಾಯ ಇಮ್ಮಡಿಯಾಗುವುದು. ಆದುದರಿಂದ ನಕ್ಷೆಯಲ್ಲಿ ಸಮಾನ ಆಳದ ಗೆರೆಗಳು ಎಲ್ಲಿ ಒತ್ತೊತ್ತಾಗಿವೆ, ಬಣ್ಣವು ಬಿಳಿಯಿಂದ ನೀಲಿಗೂ ನೀಲಿಯಿಂದ ಹಸಿರಿಗೂ ಎಲ್ಲಿ ತಿರುಗುತ್ತದೆ ಎಂಬುದನ್ನು ಹೊರಡುವ ಮುನ್ನವೇ ನೋಡಿಕೊಂಡರೆ ಅಲೆ ಒಡೆಯುವ ಸ್ಥಳವು ಕಣ್ಣಿಗೆ ಬೀಳುವ ಮೊದಲೇ ಬುದ್ಧಿಗೆ ಬೀಳುತ್ತದೆ.

ಉಳಿದ ಚಿಹ್ನೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಅಂಕೆಗಳ ಪಕ್ಕದ ಸಣ್ಣ ಅಕ್ಷರಗಳು ತಳದ ಗುಣವನ್ನು ಹೇಳುತ್ತವೆ: ಎಸ್ ಎಂದರೆ ಮರಳು, ಎಂ ಎಂದರೆ ಕೆಸರು, ಆರ್ ಎಂದರೆ ಬಂಡೆ, ಲಂಗರು ಎಲ್ಲಿ ಹಿಡಿಯುವುದೆಂಬುದು ಇದರಿಂದ ತಿಳಿಯುವುದು. ಕೂಡಿಸುವ ಚಿಹ್ನೆಯಂತಹ ಗುರುತು ನೀರಿನಲ್ಲಿ ಅಡಗಿದ ಬಂಡೆ. ದೂರವನ್ನು ಅಳೆಯಲು ನಕ್ಷೆಯ ಎಡಬಲದ ಅಂಚುಗಳಲ್ಲಿರುವ ಅಕ್ಷಾಂಶದ ಮಾನವನ್ನೇ, ಅದರಲ್ಲಿಯೂ ನಾವಿರುವ ಸ್ಥಳದ ನೇರದಲ್ಲಿರುವ ಭಾಗವನ್ನೇ ಬಳಸಬೇಕು. ಅಲ್ಲಿಯ ಒಂದು ನಿಮಿಷಕ್ಕೆ ಒಂದು ನೌಕಾಮೈಲಿ, ಅಂದರೆ 1852 ಮೀಟರ್. ಮೇಲಿನ ಕೆಳಗಿನ ಅಂಚುಗಳ ರೇಖಾಂಶದಿಂದ ಅಳೆದರೆ ತಪ್ಪಾಗುವುದು. ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರವು ನಕ್ಷೆಯಲ್ಲಿನ ದಿಕ್ಚಕ್ರದ ನಡುವೆ ಅಚ್ಚಾಗಿರುತ್ತದೆ. ನಮ್ಮ ತೀರದಲ್ಲಿ ಅದು ಅಲ್ಪ. ಬಂದರನ್ನು ಪ್ರವೇಶಿಸುವಾಗ ಕೆಂಪು ತೇಲುಗುರುತು ಎಡಕ್ಕೂ ಹಸಿರು ಬಲಕ್ಕೂ ಇರಬೇಕೆಂಬುದು ಭಾರತವು ಸೇರಿರುವ ವಲಯದ ನಿಯಮ. ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಇದು ವಿಪರ್ಯಾಸವಾಗಿದೆಯೆಂಬುದು ಆ ದೇಶಗಳ ವಿಹಾರನೌಕೆಗಳ ಪುಸ್ತಕಗಳನ್ನು ಓದಿ ಕಲಿಯುವವರು ಮರೆಯಬಾರದ ಮಾತು.

ಇಷ್ಟನ್ನೂ ಒಂದು ವಾರದಲ್ಲಿ ಕಲಿಯಬಹುದು. ಕಲಿಯಲು ಕಷ್ಟವಾದದ್ದು ನಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ವಿವೇಚನೆ. ಇದು ಇತಿಹಾಸದ ವಿದ್ಯಾರ್ಥಿಯ ಕಸುಬೇ ಆಗಿದೆ. ಆಕರವೊಂದು ಕೈಗೆ ಬಂದೊಡನೆ ಅದನ್ನು ಯಾರು ಬರೆದರು, ಯಾವಾಗ ಬರೆದರು, ಕಣ್ಣಾರೆ ಕಂಡು ಬರೆದರೋ ಕೇಳಿ ಬರೆದರೋ ಎಂದು ನಾವು ವಿಚಾರಿಸುವಂತೆ ನಕ್ಷೆಯನ್ನೂ ವಿಚಾರಿಸಬೇಕು. ಈ ವಿಷಯದಲ್ಲಿ ನಾವೇ ಒಮ್ಮೆ ನಗೆಗೀಡಾದದ್ದುಂಟು. ಸೋದೆಯ ಅರಸರು 18ನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದ ಸದಾಶಿವಗಡವನ್ನು ನೋಡಲು ವಿದ್ಯಾರ್ಥಿಗಳೊಡನೆ ಹೋದಾಗ ಕಾಳೀ ನದಿಯ ಮುಖದಲ್ಲಿ ದೋಣಿಯೊಂದನ್ನು ಗೊತ್ತುಮಾಡಿಕೊಂಡೆವು. ನಕ್ಷೆಯನ್ನು ಬಿಡಿಸಿ, ಉಬ್ಬರವನ್ನು ಕೂಡಿಸಿ, ನೇರವಾಗಿ ಹೋಗಲು ನೀರು ಸಾಕಷ್ಟಿದೆಯೆಂದು ವಿದ್ಯಾರ್ಥಿಗಳ ಮುಂದೆ ಲೆಕ್ಕ ಒಪ್ಪಿಸಿದೆವು. ದೋಣಿಯವನು ತಾಳ್ಮೆಯಿಂದ ಕೇಳಿ, "ಮಾಸ್ತರೇ, ನೀವು ಹೇಳುವುದು ಮಳೆಗಾಲಕ್ಕೆ ಮುಂಚಿನ ಮರಳು" ಎಂದು ನಕ್ಕು, ದೂರದ ಸುತ್ತಿನ ಹಾದಿಯನ್ನು ಹಿಡಿದನು. ನಾವು ತೋರಿಸಿದ್ದ ನೇರದ ಹಾದಿಯ ಮೇಲೆ ಹಕ್ಕಿಗಳು ನಡೆದಾಡುತ್ತಿದ್ದವು. ಅನಂತರ ನಕ್ಷೆಯ ಮೂಲೆಯನ್ನು ನೋಡಿದರೆ ಆ ಭಾಗದ ಮೋಜಣಿ ಬಹು ಹಿಂದಿನದು. ನಕ್ಷೆ ಸುಳ್ಳು ಹೇಳಿರಲಿಲ್ಲ. ತಾನು ಕಂಡ ದಿನದ ಸತ್ಯವನ್ನು ಹೇಳಿತ್ತು. ತಪ್ಪು ಓದಿದವರದು.

ನೌಕಾನಕ್ಷೆಗಳಲ್ಲಿ ಯಾವ ಭಾಗವನ್ನು ಯಾವ ವರ್ಷ ಅಳೆಯಲಾಯಿತೆಂಬುದನ್ನು ತೋರಿಸುವ ಪುಟ್ಟ ಚೌಕಪಟವೊಂದು ಸಾಮಾನ್ಯವಾಗಿ ಇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಓದಬೇಕಾದ ಭಾಗ ಅದೇ. ಹಿಂದಿನ ಕಾಲದಲ್ಲಿ ಆಳವನ್ನು ಅಳೆಯುತ್ತಿದ್ದುದು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡಿನಿಂದ. ಗುಂಡಿನ ತಳಕ್ಕೆ ಕೊಬ್ಬನ್ನು ಮೆತ್ತಿ, ಅದಕ್ಕೆ ಅಂಟಿಕೊಂಡು ಬಂದ ಮರಳನ್ನೋ ಕೆಸರನ್ನೋ ನೋಡಿ ತಳದ ಗುಣವನ್ನು ನಿರ್ಣಯಿಸುತ್ತಿದ್ದರು. ಒಂದು ಗುಂಡಿನ ಅಳತೆಗೂ ಮುಂದಿನದಕ್ಕೂ ನಡುವೆ ಇದ್ದ ನೀರನ್ನು ಯಾರೂ ಅಳೆಯಲಿಲ್ಲ. ಪ್ರತಿಧ್ವನಿಯಿಂದ ಆಳವನ್ನು ಗ್ರಹಿಸುವ ಯಂತ್ರಗಳು 1920ರ ದಶಕದಿಂದ ಬಳಕೆಗೆ ಬಂದವು. ದೋಣಿಯ ಎರಡು ಪಕ್ಕಗಳನ್ನೂ ಸವರುವ ಯಂತ್ರಗಳು ಬಂದದ್ದು ಇನ್ನೂ ಈಚೆಗೆ. ಆದುದರಿಂದ ಹಳೆಯ ಮೋಜಣಿಯ ನಕ್ಷೆಯಲ್ಲಿ ಅಂಕೆಗಳಿಲ್ಲದ ಬಿಳಿಯ ಭಾಗವನ್ನು ಕಂಡು ಅಲ್ಲಿ ಬಂಡೆಯಿಲ್ಲವೆಂದು ಭಾವಿಸುವುದು, ಶಾಸನಗಳಲ್ಲಿ ಹೆಸರಿಲ್ಲವಾದ್ದರಿಂದ ಆ ಊರೇ ಇರಲಿಲ್ಲವೆಂದು ವಾದಿಸಿದಂತೆ. ಮೌನವನ್ನು ಸಾಕ್ಷ್ಯವೆಂದು ಗಣಿಸುವ ದೋಷಕ್ಕೆ ನಮ್ಮ ಶಾಸ್ತ್ರದಲ್ಲಿ ಖಂಡನೆಯಿದೆ. ಕಡಲಿನಲ್ಲಿ ಖಂಡಿಸುವುದು ಬಂಡೆಯೇ.

ವಿದ್ಯುನ್ಮಾನ ನಕ್ಷೆಗಳು ಬಂದ ಮೇಲೆ ಈ ತೊಂದರೆ ತೀರಿತೆಂದು ಹೇಳುವವರುಂಟು. 2014ರ ನವೆಂಬರ್ 29ರಂದು, ಪ್ರಪಂಚವನ್ನು ಸುತ್ತುವ ವೋಲ್ವೋ ಪಂದ್ಯದಲ್ಲಿದ್ದ ವೆಸ್ಟಾಸ್ ವಿಂಡ್ ಎಂಬ ಹಾಯಿನೌಕೆಯು ಮಾರಿಷಸ್ಸಿನ ಈಶಾನ್ಯಕ್ಕಿರುವ ಕಾರ್ಗಡೋಸ್ ಕರಾಜೋಸ್ ಹವಳದಿಣ್ಣೆಗೆ ರಾತ್ರಿಯಲ್ಲಿ ಅಪ್ಪಳಿಸಿತು. ನುರಿತ ನಾವಿಕರು, ಉತ್ತಮ ಉಪಕರಣಗಳು. ದಿಣ್ಣೆಯು ನಕ್ಷೆಯಲ್ಲಿ ಇದ್ದಿತು. ಆದರೆ ಪರದೆಯ ಮೇಲೆ ಆ ಪ್ರದೇಶವನ್ನು ಸಾಕಷ್ಟು ಹಿಗ್ಗಿಸಿ ನೋಡದಿದ್ದುದರಿಂದ ದಿಣ್ಣೆಯ ನಿಜವಾದ ಸ್ವರೂಪ ಅವರಿಗೆ ಗೋಚರಿಸಲಿಲ್ಲ. ಒಂಬತ್ತು ಮಂದಿಯೂ ಬದುಕಿದ್ದು ಪುಣ್ಯ. ಅತಿಯಾಗಿ ಹಿಗ್ಗಿಸುವುದರಲ್ಲಿಯೂ ದೋಷವಿದೆ: ಚಿಕ್ಕ ಪ್ರಮಾಣದ ನಕ್ಷೆಯನ್ನು ಪರದೆಯಲ್ಲಿ ಎಷ್ಟೇ ದೊಡ್ಡದು ಮಾಡಿದರೂ ಅಳತೆಗಳು ಹೆಚ್ಚುವುದಿಲ್ಲ, ನಿಖರತೆಯ ಭ್ರಮೆ ಮಾತ್ರ ಹೆಚ್ಚುತ್ತದೆ. ಡೆಹರಾಡೂನಿನ ಕಚೇರಿಯು ಹೊರಡಿಸುವ ನಾವಿಕರ ಪ್ರಕಟಣೆಗಳಲ್ಲಿ ಹೊಸದಾಗಿ ಕಂಡ ಅಪಾಯಗಳೂ ಬದಲಾದ ದೀಪಗಳೂ ವರದಿಯಾಗುತ್ತವೆ. ಅವುಗಳಿಂದ ತಿದ್ದದ ನಕ್ಷೆಯು ಕಳೆದ ವರ್ಷದ ಪಂಚಾಂಗಕ್ಕೆ ಸಮಾನ.

ಇನ್ನು ನಮ್ಮ ನದಿಗೆ ಬರೋಣ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಹರಿಹರಕ್ಕೆ ಬರುವ ಈ ಹೊಳೆಗೆ ಇಲ್ಲಿ ನೌಕಾನಕ್ಷೆಯಿಲ್ಲ. 2016ರ ರಾಷ್ಟ್ರೀಯ ಜಲಮಾರ್ಗಗಳ ಶಾಸನದಲ್ಲಿ ತುಂಗಭದ್ರೆಯು 104ನೆಯ ಜಲಮಾರ್ಗವೆಂದು ಸೇರಿದೆಯಾದರೂ ಅದು ಗಂಗಾವತಿಯ ಕಡೆಯಿಂದ ಕೃಷ್ಣಾಸಂಗಮದವರೆಗಿನ ಕೆಳಭಾಗ. ನಕ್ಷೆಯಿಲ್ಲದ ಈ ಹೊಳೆಯಲ್ಲಿ ಶತಮಾನಗಳಿಂದ ಜನರು ದಾಟಿದ್ದಾರೆ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಬೆತ್ತದಿಂದ ಹೆಣೆದು ಚರ್ಮವನ್ನು ಹೊದಿಸಿದ, ಬುಟ್ಟಿಯಂತೆ ದುಂಡಾದ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು, ನೇರವಾಗಿ ಸಾಗಲಾರದೆ ಸದಾ ಸುತ್ತುತ್ತಿದ್ದವು ಎಂದು ಅವನ ಹೇಳಿಕೆ. ನಮ್ಮ ಹರಿಗೋಲನ್ನು ಕಂಡವರಿಗೆ ಈ ವರ್ಣನೆ ಹೊಸದಲ್ಲ. ಹರಿಹರದಿಂದ ಕೆಳಗೆ ರಾಣೇಬೆನ್ನೂರು ತಾಲ್ಲೂಕಿನಲ್ಲಿ ಇದೇ ಹೊಳೆಯ ದಂಡೆಯ ಮೇಲಿರುವ ಚೌಡಯ್ಯದಾನಪುರವು ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತಿದೆ.

ಅಂಬಿಗರ ತಿಳಿವಳಿಕೆಯು ನಕ್ಷೆಯಲ್ಲದಿದ್ದರೂ ನಕ್ಷೆಯ ಕೆಲಸವನ್ನೇ ಮಾಡುತ್ತಿತ್ತು. ಮಡು, ಸುಳಿ, ಸೆಳವು, ಕುರುವ, ಹಾಯಗಡ ಎಂಬ ಮಾತುಗಳು ಒಂದೊಂದೂ ಒಂದೊಂದು ಚಿಹ್ನೆ. ಈ ದಂಡೆಯ ಮರವನ್ನೂ ಅದರ ಹಿಂದಿನ ಗುಡಿಯ ಶಿಖರವನ್ನೂ ಒಂದೇ ಗೆರೆಗೆ ತಂದುಕೊಂಡು ಆ ಗೆರೆಯನ್ನು ಬಿಡದೆ ದಾಟುವ ಉಪಾಯವು ಬಂದರುಗಳ ನಕ್ಷೆಗಳಲ್ಲಿ ಎರಡು ದೀಪಗಳನ್ನು ಕೂಡಿಸಿ ಎಳೆದಿರುವ ಮಾರ್ಗರೇಖೆಯೇ ಹೊರತು ಬೇರೆಯಲ್ಲ. 1868ರಲ್ಲಿ ಅರವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳ ಸೇತುವೆಯು ಹರಿಹರದಲ್ಲಿ ಮುಗಿದು ಬೆಂಗಳೂರು ಧಾರವಾಡಗಳ ಹೆದ್ದಾರಿ ಹೊಳೆಯನ್ನು ದಾಟಿತು. ನಿತ್ಯ ದಾಟುವ ಅಗತ್ಯವು ತೀರಿದಂತೆ ನಿತ್ಯ ಅಳೆಯುವ ಕಣ್ಣೂ ಕಡಮೆಯಾಗತಕ್ಕದ್ದು ಸಹಜ. ಅಲ್ಲಿಂದೀಚೆಗೆ ಹೊಳೆಯ ತಳವೂ ಹಿಂದಿನಂತಿಲ್ಲ. ಮರಳನ್ನು ತೋಡಿದಲ್ಲಿ ಮೊಳಕಾಲುದ್ದದ ನೀರಿನ ಪಕ್ಕದಲ್ಲಿಯೇ ಆಳುದ್ದದ ಗುಂಡಿಯಿರುತ್ತದೆ. ಮುಂದಿನ ಪ್ರವಾಹವು ಅದನ್ನು ಮುಚ್ಚಬಹುದು, ಇನ್ನೊಂದನ್ನು ತೆರೆಯಬಹುದು. ಹಬ್ಬದ ದಿನಗಳಲ್ಲಿ ಸ್ನಾನಕ್ಕೆ ಇಳಿಯುವವರಿಗೂ ಹರಿಗೋಲಿನಲ್ಲಿ ಹುಟ್ಟುಹಾಕುವ ಹುಡುಗರಿಗೂ ಅಜ್ಜನಿಂದ ಕೇಳಿದ ಹಾಯಗಡವು ಕಾಳೀ ನದಿಯಲ್ಲಿ ನಾವು ಓದಿದ ನಕ್ಷೆಯಂತೆಯೇ ಹಳೆಯ ಸಾಕ್ಷ್ಯವಾಗಿಬಿಟ್ಟಿದೆ.

ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಹರಿದ್ರೆಯು ಹೊರಡುವ ಸೂಳೆಕೆರೆಯ ವಿಷಯವೂ ಇಂತಹುದೇ. ಸುಮಾರು 40 ಮೈಲಿ ಸುತ್ತಳತೆಯುಳ್ಳ ಆ ಜಲರಾಶಿಯನ್ನು ಕೆರೆಯೆಂಬ ಹೆಸರಿನಿಂದ ಹಗುರವಾಗಿ ಎಣಿಸುವಂತಿಲ್ಲ. ಅಷ್ಟು ವಿಸ್ತಾರದ ಮೇಲೆ ಬೀಸುವ ಗಾಳಿಯು ಸಣ್ಣ ದೋಣಿಯನ್ನು ಮಗುಚಬಲ್ಲ ಅಲೆಯನ್ನು ಎಬ್ಬಿಸುತ್ತದೆ, ತೂಬುಗಳ ಸಮೀಪದಲ್ಲಿ ನೀರಿನ ಸೆಳೆತವೂ ಉಂಟು.

ಹರಿಹರದ ಸೇತುವೆಯ ಮೇಲಣ ಕೆಳಗಣ ಒಂದು ಮೈಲಿಯಷ್ಟು ಹೊಳೆಯ ಆಳನಕ್ಷೆಯನ್ನು ನಮ್ಮ ವಿದ್ಯಾರ್ಥಿಗಳೇ ಸಿದ್ಧಪಡಿಸಬಹುದೆಂಬುದು ನಮ್ಮ ಎಣಿಕೆ. ಬೇಕಾದುದು ಅರ್ಧ ಮೀಟರಿಗೊಂದು ಗಂಟು ಹಾಕಿದ ಹಗ್ಗ, ಒಂದು ಸೀಸದ ಗುಂಡು, ದಿಕ್ಸೂಚಿ, ಎಲ್ಲರಿಗೂ ತೇಲುಕವಚ, ಹೊಳೆಯನ್ನು ಬಲ್ಲ ಒಬ್ಬ ಅಂಬಿಗ. ದಂಡೆಯ ಮೇಲಿನ ಎರಡು ಸ್ಥಿರವಾದ ಗುರುತುಗಳ ದಿಕ್ಕನ್ನು ದೋಣಿಯಿಂದ ನೋಡಿ ಕಾಗದದ ಮೇಲೆ ಎರಡು ಗೆರೆಗಳನ್ನು ಎಳೆದರೆ ಅವು ಕೂಡುವಲ್ಲಿ ದೋಣಿಯಿರುತ್ತದೆ. ಮೂರನೆಯ ಗುರುತೊಂದಿದ್ದರೆ ತಪ್ಪು ತಾನಾಗಿ ಬಯಲಾಗುವುದು. ಕೆಲಸವು ಬೇಸಗೆಯಲ್ಲಿ ಒಮ್ಮೆ, ಮಳೆಗಾಲವು ಕಳೆದು ನೀರು ಇಳಿದ ಮೇಲೆ ಮತ್ತೊಮ್ಮೆ ನಡೆಯಬೇಕು, ಪ್ರತಿಯೊಂದು ಹಾಳೆಯ ಮೇಲೂ ತಾರೀಖು ಇರಬೇಕು. ಉಬ್ಬರವಿಳಿತಗಳಿಲ್ಲದ ಹೊಳೆಯಲ್ಲಿ ಶೂನ್ಯವನ್ನು ಎಲ್ಲಿ ಇಡುವುದೆಂಬುದೊಂದು ತೊಡಕು ನಮಗೆ ಉಳಿದಿತ್ತು. ಕಳೆದ ಬೇಸಗೆಯಲ್ಲಿ ದಂಡೆಯ ವೃದ್ಧ ಅಂಬಿಗರೊಬ್ಬರನ್ನು ಕೇಳಿದಾಗ ಅವರು ಹಳೆಯ ಸೇತುವೆಯ ಕಂಬವೊಂದರ ಬುಡದ ಕಲ್ಲನ್ನು ತೋರಿಸಿ, ಬರಗಾಲದ ವರ್ಷಗಳಲ್ಲಿಯೂ ನೀರು ಅದರ ಕೆಳಗೆ ಹೋದದ್ದನ್ನು ತಾವು ಒಮ್ಮೆ ಮಾತ್ರ ಕಂಡಿರುವುದಾಗಿ ಹೇಳಿದರು. ಆ ಕಲ್ಲಿನ ಮೇಲಂಚಿನಿಂದಲೇ ಅಳತೆಯನ್ನು ಆರಂಭಿಸಬೇಕೆಂದು ನಿಶ್ಚಯಿಸಿದ್ದೇವೆ.